ಹುಚ್ಚೆಳ್ಳಿನ ಮಾಮಿ

ಕೋಳಿಗೆ ಹಾಕುವ ಕಾಳನ್ನು ಮೊದಲು ತಾವೇ ಅಗಿದು ನೋಡುತ್ತಿದ್ದವರು ನನಗೆ ತಿಳಿದಂತೆ ಮಾಮಿ ಒಬ್ಬರೇ. ನುಂಗಂಬಾಕ್ಕಂನ ನಮ್ಮ ಬೀದಿಯ ಕೊನೆಯಲ್ಲಿದ್ದ ದಿನಸಿ ಅಂಗಡಿಯವನು, ಅವರ ಛತ್ರಿ ಕಂಡರೆ ಸಾಕು, ಸಜ್ಜೆ, ಜೋಳ, ನವಣೆಯ ಚೀಲಗಳ ಬಾಯಿ ಬಿಚ್ಚಿಡುತ್ತಿದ್ದ. ಮಾಮಿ ಒಂದೊಂದರಿಂದಲೂ ಚಿಟಿಕೆಯಷ್ಟು ತೆಗೆದು, ಅಂಗೈಯಲ್ಲಿ ಉಜ್ಜಿ, ಮೂಸಿ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದರು. ಮುಗ್ಗಲು ವಾಸನೆ ಬಂದರೆ ತಲೆಯಾಡಿಸಿ ಮುಂದಿನ ಚೀಲಕ್ಕೆ ಹೋಗುತ್ತಿದ್ದರು. "ಕೋಳಿಗೆ ತಾನೇ ಮಾಮಿ?" ಎಂದು ಅವನು ನಕ್ಕರೆ, "ಅದಕ್ಕೂ ನಾಲಿಗೆ ಇದೆಯಪ್ಪಾ, ನಿನ್ನ ಹತ್ರ ಬಂದು ಹೇಳಕ್ಕೆ ಬರಲ್ಲ ಅಷ್ಟೆ" ಎಂದು ತಮಿಳಿನಲ್ಲೇ ಉತ್ತರ ಕೊಡುತ್ತಿದ್ದರು.

ಬೇಸಿಗೆಯಲ್ಲಿ ನೆನೆಸಿದ ರಾಗಿ. ಮಳೆ ಹಿಡಿದಾಗ ಒಡೆದ ಮೆಕ್ಕೆಜೋಳ. ಗರಿ ಉದುರಿ ಹೊಸದು ಬರುವ ಕಾಲಕ್ಕೆ ಎಳ್ಳು, ಸೂರ್ಯಕಾಂತಿ ಬೀಜ. ಉಪ್ಪು ತಗುಲಿದ ಯಾವುದೂ ಕೂಡದು. ಅದೆಲ್ಲ ಸಂಜೆ ಒಂದೊಂದು ಹಿಡಿ ಮಾತ್ರ. "ತಿಂಡಿ ಅನ್ನೋದು ತಿಂಡಿ ಹಾಗೇ ಇರ್ಬೇಕಮ್ಮಾ. ಊಟಕ್ಕೆ ಮುಂಚೆ ಕೊಟ್ರೆ ಮಕ್ಕಳಾದ್ರೂ ಅಷ್ಟೇ, ಕೋಳಿಯಾದ್ರೂ ಅಷ್ಟೇ, ಕೆಟ್ಟುಹೋಗತ್ತೆ" ಎನ್ನುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಕೋಳಿಯನ್ನೂ ಅರವತ್ತು ದಾಟುವವರೆಗೆ ಅವರು ಹತ್ತಿರದಿಂದ ನೋಡಿದವರಲ್ಲ.

ನಾಲ್ಕು ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಮದರಾಸಿಗೆ ಬಂದು ನೆಲೆಸಿದ ಮಾಧ್ವರ ಮನೆ ಅವರದು. ಒಂದು ಕಂಪನಿಯಲ್ಲಿ ಸ್ಟೆನೋ ಆಗಿ ನಿವೃತ್ತರಾಗಿದ್ದರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸು ದಾಟಿತು. ಮದುವೆಯಾಗದೆಯೇ ಇಡೀ ಬೀದಿಗೆ ಮಾಮಿಯಾದರು. ಈರುಳ್ಳಿಯನ್ನೂ ಮನೆಯೊಳಗೆ ತರದವರು ಹಿತ್ತಲಲ್ಲಿ ಕೋಳಿ ಸಾಕಿದ್ದು ನೆಂಟರಿಗೆಲ್ಲ ತಲೆತಗ್ಗಿಸುವ ಸಂಗತಿಯಾಗಿತ್ತು. ತ್ರಿಪ್ಲಿಕೇನ್‌ನಲ್ಲಿದ್ದ ಚಿಕ್ಕಪ್ಪನ ಮಗಳು ಅವರ ಮನೆಯಲ್ಲಿ ನೀರು ಮುಟ್ಟುವುದನ್ನೂ ಬಿಟ್ಟಿದ್ದಳು. ಕಳೆದ ಆಷಾಢದಲ್ಲಿ ಮಾಮಿ ತೀರಿಕೊಂಡಾಗ ಅದೇ ಚಿಕ್ಕಪ್ಪನ ಮಗಳು ನನ್ನನ್ನು ಪಕ್ಕಕ್ಕೆ ಕರೆದು, "ಅವಳಿಗೆ ಯಾಕಮ್ಮಾ ಆ ಹುಚ್ಚು ಹಿಡೀತು? ನಿನಗೆ ಗೊತ್ತಿರ್ಬೇಕಲ್ಲ" ಎಂದು ಕೇಳಿದಳು. ಆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು ನಾನು. ಹೆಣದ ಮುಂದೆ ನಿಂತು ಹೇಳುವ ಮಾತಲ್ಲವೆಂದು ಸುಮ್ಮನಾದೆ.

ಅದು ಶುರುವಾದದ್ದು ಊರೆಲ್ಲ ನೀರಾದ ಆ ದೊಡ್ಡ ಮಳೆಯ ವರ್ಷ. ಕೂವಂ ನದಿ ಉಕ್ಕಿ ಹಿಂದಿನ ಬೀದಿಗಳಿಗೆಲ್ಲ ನುಗ್ಗಿತ್ತು. ನಮ್ಮ ಹಿತ್ತಲಲ್ಲಿ ಮೊಣಕಾಲುದ್ದ ನೀರು ನಿಂತು, ಆಮೇಲೆ ಇಳಿದು, ಕರಿ ಕೆಸರು ಬಿಟ್ಟು ಹೋಯಿತು. ಕೆಲಸದ ಧನಂ ಒಂದು ಇಡೀ ದಿನ ಅದನ್ನು ಬಾಚಿ ತೊಳೆದಳು. ಮಾರನೆಯ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಕಪ್ಪು ಹೇಟೆ ನಿಂತಿತ್ತು. ಮೈಯೆಲ್ಲ ಒದ್ದೆ. ಎಡಗಾಲಿಗೆ ಅರಿಶಿನದ ದಾರ ಕಟ್ಟಿತ್ತು. ಗಂಟಿನೊಳಗೆ ಒಂದೆರಡು ಬೇವಿನೆಲೆ.

ಧನಂ ಪೊರಕೆ ಅಲ್ಲೇ ಬಿಟ್ಟು ಹಿಂದೆ ಸರಿದಳು. "ಮಾಮಿ, ಅದನ್ನ ಮುಟ್ಟಬೇಡಿ. ಅಮ್ಮನಿಗೆ ಹರಕೆ ಹೊತ್ತು ಬಿಟ್ಟಿರೋ ಕೋಳಿ ಅದು" ಎಂದಳು. ತೊಳೆದಿಟ್ಟ ನೆಲವನ್ನು ನೋಡಿ, "ನೀರು ನಿನ್ನೇನೇ ಇಳೀತು. ಇವತ್ತು ಇದು ಹೇಗೆ ಬಂತು?" ಎಂದಳು.

"ಪಾವಂ, ಎಲ್ಲೋ ಸಿಕ್ಕಿಹಾಕ್ಕೊಂಡಿತ್ತೋ ಏನೋ" ಎಂದರು ಮಾಮಿ. "ಹಸಿವಾಗಿರತ್ತೆ. ಕೊಂಜ ಅಕ್ಕಿ ಹಾಕೋಣ."

ಅಕ್ಕಿ ಹಾಕಿದರು. ಕೋಳಿ ನೋಡಲೂ ಇಲ್ಲ. ನುಚ್ಚು ಹಾಕಿದರು, ಅನ್ನ ಹಾಕಿದರು. ಮಾರನೆಯ ದಿನ ಅಂಗಡಿಯಿಂದ ಸಜ್ಜೆ, ಜೋಳ, ಸಾಮೆ, ಕಡಲೆ ತರಿಸಿ, ಬಾಳೆಲೆಯ ಮೇಲೆ ಸಾಲಾಗಿ ಹಿಡಿ ಹಿಡಿ ಇಟ್ಟರು, ನೆಂಟರಿಗೆ ಬಡಿಸಿದ ಹಾಗೆ. ಕೋಳಿ ಎಲೆಯ ಉದ್ದಕ್ಕೂ ನಡೆದು, ಒಂದೊಂದರ ಮುಂದೂ ನಿಂತು, ಕೊನೆಗೆ ಹಿತ್ತಲ ಬಾಗಿಲಿಗೆ ಮುಖ ಮಾಡಿ ನಿಂತುಬಿಟ್ಟಿತು. ಹಗಲೆಲ್ಲ ಅಲ್ಲೇ ನಿಲ್ಲುತ್ತಿತ್ತು. ಕೆದಕುತ್ತಿರಲಿಲ್ಲ, ಒಮ್ಮೆಯೂ ಕೂಗುತ್ತಿರಲಿಲ್ಲ. ಮಾಮಿ ಕಾಲಿನ ದಾರ ಬಿಚ್ಚಲು ನೋಡಿದರು. ಗಂಟು ಸಡಿಲಲಿಲ್ಲ. ಕತ್ತರಿ ತರಲು ಹೊರಟಾಗ ಧನಂ ಕೈ ಹಿಡಿದು ತಡೆದಳು.

ಮಳೆ ಹೋಗಿ ಬಿಸಿಲು ಬಂತು. ಕೆಸರು ಒಣಗಿ ಬಿರಿಯಿತು. ವಾರಗಳು ಕಳೆದವು. ನಾನು ಒಂದು ಮಧ್ಯಾಹ್ನ ಆ ಕೋಳಿಯ ಬೆನ್ನು ಸವರಿದೆ. ಗರಿ ಒದ್ದೆಯಾಗಿತ್ತು. ಕೈ ಮೂಸಿದರೆ ಹೊಳೆಯ ಕೆಸರಿನ ವಾಸನೆ. "ಮಾಮಿ, ಇದು ಒಣಗೇ ಇಲ್ಲ" ಎಂದೆ.

"ನನಗೂ ಗೊತ್ತು" ಎಂದರು ಅವರು. "ನಿನಗೆ ಹೇಳಿದ್ರೆ ಭಯ ಬೀಳ್ತೀಯ ಅಂತ ಸುಮ್ನಿದ್ದೆ."

ಅಷ್ಟು ದಿನ ಏನೂ ತಿನ್ನದೆ ಅದು ಬದುಕಿದ್ದು ಹೇಗೆ ಎಂದು ನಾವಿಬ್ಬರೂ ಬಾಯಿಬಿಟ್ಟು ಕೇಳಿಕೊಳ್ಳಲಿಲ್ಲ.

ಆ ಹೊತ್ತಿಗೆ ನಾಗಮಂಗಲದಿಂದ ನನ್ನ ಅಮ್ಮ ಬಂದಳು. ಚಟ್ನಿಪುಡಿ ಮಾಡಲೆಂದು ಹುಚ್ಚೆಳ್ಳು ತಂದಿದ್ದಳು. ಹುರಿಯುವ ಮುಂಚೆ ಹಿತ್ತಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಕೇರುತ್ತಿದ್ದಾಗ ಕೆಲವು ಕಾಳು ಹಾರಿ ಬಿದ್ದವು. ಬಾಗಿಲ ಬಳಿ ಕಂಬದಂತೆ ನಿಂತಿದ್ದ ಕೋಳಿ ಓಡಿ ಬಂದು, ಆ ಸಣ್ಣ ಕಪ್ಪು ಕಾಳುಗಳನ್ನು ಒಂದೂ ಬಿಡದೆ ಹೆಕ್ಕಿತು. ಆಮೇಲೆ ಅಮ್ಮನ ಮೊರಕ್ಕೇ ಬಾಯಿ ಹಾಕಿತು.

ಮಾಮಿ ಅಡುಗೆಮನೆಯಿಂದ ಬಂದು ನೋಡಿದರು. ಅವರಿಗೆ ಹುಚ್ಚೆಳ್ಳು ಗೊತ್ತಿರಲಿಲ್ಲ. ಧನಂ ಕಾಳನ್ನು ದೂರದಿಂದಲೇ ನೋಡಿ, "ಪೇಯೆಳ್ಳು" ಎಂದಳು. ತಮಿಳಿನಲ್ಲಿ ಅದಕ್ಕೆ ದೆವ್ವದ ಎಳ್ಳು ಎಂದೇ ಹೆಸರು. ಇಲ್ಲಿ ಯಾರೂ ತಿನ್ನುವುದಿಲ್ಲ, ಕೃಷ್ಣಗಿರಿ ಕಡೆಯ ಬೆಟ್ಟದ ಜನ ಬೆಳೆಯುತ್ತಾರೆ ಎಂದಳು.

ಮಾಮಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಕಾಳನ್ನು ಅಗಿದು ನೋಡುವ ಅವರ ಅಭ್ಯಾಸ ಶುರುವಾದದ್ದು ಅಂದೇ. "ಚಿಕ್ಕಂದಿನಿಂದ ತಿಂದಿದ್ದನ್ನೇ ಅಲ್ವಾ ಯಾರಾದ್ರೂ ಹುಡುಕೋದು?" ಎಂದರು. "ಇದನ್ನ ಸಾಕಿದವರು ಆ ಕಡೆಯವರು. ಧನಂ, ಹೊಳೆ ಹತ್ರ ಗುಡಿಸಲಲ್ಲಿ ಆ ಊರಿನವರು ಯಾರಾದ್ರೂ ಇದ್ರಾ ವಿಚಾರ್ಸು. ಹರಕೆ ಹೊತ್ತವರಿಗೆ ಅವರ ಕೋಳಿ ಸೇರ್ಬೇಕು."

ಹೊಳೆದಂಡೆಯ ಗುಡಿಸಲುಗಳು ಕೊಚ್ಚಿ ಹೋಗಿ, ಅಲ್ಲಿದ್ದವರನ್ನೆಲ್ಲ ಊರಾಚೆಯ ವಸತಿ ಕಟ್ಟಡಗಳಿಗೆ ಸಾಗಿಸಿದ್ದರು. ಧನಂ ಅವರಿವರನ್ನು ಕೇಳುತ್ತ ಹೋಗಿ, ಕೊನೆಗೊಂದು ಭಾನುವಾರ ಒಬ್ಬಳನ್ನು ಕರೆತಂದಳು. ಮಾದೇವಿ ಎಂದು ಹೆಸರು. ಡೆಂಕಣಿಕೋಟೆ ಕಡೆಯವಳು, ಕಟ್ಟಡದ ಕೆಲಸಕ್ಕೆಂದು ಚೆನ್ನೈಗೆ ಬಂದವಳು. ಮಾತು ಕನ್ನಡ. ಅವಳ ಸೆರಗು ಹಿಡಿದು ಆರೇಳು ವರ್ಷದ ಮಗಳು ಪವಿತ್ರ ನಿಂತಿದ್ದಳು. ಮಗುವಿನ ಕಣ್ಣು ಜ್ವರದಿಂದ ಕೆಂಪಾಗಿತ್ತು.

ಮಾದೇವಿ ಕೋಳಿಯನ್ನು ಕಂಡವಳೇ ಕುಳಿತುಬಿಟ್ಟಳು. ಬಹಳ ಹೊತ್ತು ನೋಡಿದಳು. ಕೈ ಚಾಚಿ ದಾರದ ಗಂಟನ್ನು ಮುಟ್ಟಿ, ಬೆಂಕಿ ತಗುಲಿದಂತೆ ಕೈ ಹಿಂದೆಳೆದುಕೊಂಡಳು.

"ನಿನ್ನದೇನಾ ಮ್ಮಾ?" ಎಂದು ಮಾಮಿ ಕೇಳಿದರು.

"ಗಂಟು ನಂದೇ ಅವ್ವಾ. ನಾನೇ ಆಕಿದ್ದು. ಮಗೀಗೆ ಜರ ಬಂದು ಉಳಿಯಾಕಿಲ್ಲ ಅಂದ್ರು. ನಮ್ಮೂರ ಅಮ್ಮಂಗೆ ಕರಿ ಕೋಳಿ ಕೊಡ್ತೀನಿ ಅಂತ ಹೊತ್ಕಂಡಿದ್ದೆ. ಜರ ಬುಡ್ತು. ಊರಿಗೆ ತಕ್ಕಂಡೋಗಾನ ಅನ್ನಾದ್ರಾಗೆ ಮಳೆ ಬಂತು. ನಾನು ಮಗೀನ ಹೆಗಲ ಮ್ಯಾಲೆ ಕುಂಡ್ರಿಸ್ಕಂಡು ಆಚೆ ಬಂದೆ. ಕೋಳಿ ಕುಕ್ಕೆವೊಳಗೇ ಉಳೀತು. ನೀರು ಇಳಿದ್ಮ್ಯಾಲೆ ಹೋಗಿ ನೋಡಿದ್ರೆ ಕುಕ್ಕೆ ತಳದಾಗೆ ಸತ್ತು ಬಿದ್ದಿತ್ತು. ದೇವ್ರ ವಸ್ತು, ಬಿಸಾಕಬಾರದು ಅಂತ ಹೊಳೆ ದಡದಾಗೆ ಗುಂಡಿ ತೋಡಿ, ನನ್ ಕೈಯಾರ ಮಣ್ ಮುಚ್ಚಿದ್ದೀನಿ ಅವ್ವಾ."

ಕೋಳಿ ತನ್ನ ಒದ್ದೆ ಗರಿಗಳೊಂದಿಗೆ ನಮ್ಮ ನಡುವೆ ನಿಂತು ಮಗುವನ್ನು ನೋಡುತ್ತಿತ್ತು.

"ಬೇರೆ ಕೋಳಿ ಇರ್ಬಹುದಲ್ಲ" ಎಂದೆ ನಾನು.

ಮಾದೇವಿ ನನ್ನತ್ತ ತಿರುಗಲೇ ಇಲ್ಲ. "ಅಮ್ಮ ಒಪ್ಪನಿಲ್ಲ" ಎಂದಳು. "ವಾಪಸ್ ಕಳಿಸವ್ಳೆ. ಅದ್ಕೇ ಮಗೀಗೆ ವಾರಕ್ಕೊಂದ್ ಸಲ ಜರ ಬತ್ತಾ ಅದೆ. ಕೋಳಿ ಬ್ಯಾಡ ಅಂದ್ಮ್ಯಾಲೆ ಇನ್ನೇನ್ ಕೇಳ್ತಾಳೆ?" ಮಗಳನ್ನು ಬಾಚಿ ತಬ್ಬಿಕೊಂಡು ಅಳತೊಡಗಿದಳು. ಕೋಳಿಯನ್ನು ತೆಗೆದುಕೊಂಡು ಹೋಗು ಎಂದು ಧನಂ ಎಷ್ಟು ಹೇಳಿದರೂ ಅದರ ಹತ್ತಿರವೂ ಸುಳಿಯಲಿಲ್ಲ.

ಮಾಮಿ ಒಳಗೆ ಹೋದರು. ದೇವರಿಗೆ ದೀಪ ಹಚ್ಚಲು ಹೋದರೆಂದುಕೊಂಡೆ. ಅವರು ಹೊರಗೆ ಬಂದದ್ದು ಮಗುವಿಗೆ ಒಂದು ಲೋಟ ಹಾಲು ಹಿಡಿದುಕೊಂಡು. ಅದು ಕುಡಿದು ಮುಗಿಸುವವರೆಗೆ ಪಕ್ಕದಲ್ಲಿ ಕುಳಿತು, ಅದರ ಸುಡುವ ಹಣೆಯ ಮೇಲೆ ಕೈಯಿಟ್ಟಿದ್ದರು. ಆಮೇಲೆ ಮಾದೇವಿಗೆ ಹೇಳಿದರು: "ಆ ಗಂಟು ನಿನಗೆ ಬಿಚ್ಚಕ್ಕೆ ಬರತ್ತಲ್ವಾ? ಬಿಚ್ಚು. ನನ್ನ ಕೈಗೆ ಕಟ್ಟು."

ಧನಂ ಕಿರುಚಿದಳು. "ಬೇಡ ಮಾಮಿ! ಇದು ನಿಮಗೆ ಗೊತ್ತಿಲ್ಲದ ವಿಷಯ!"

"ಗೊತ್ತಿಲ್ಲ, ಸರಿ" ಎಂದರು ಮಾಮಿ. "ರಕ್ತ ಕೊಡೋದು ನಮ್ಮನೇಲಿ ಯಾರೂ ಕಲ್ತಿಲ್ಲ. ಆದ್ರೆ ಆ ಅಮ್ಮ ಕೋಳೀನ ಕಳಿಸಿದ್ದು ನನ್ನ ಹಿತ್ತಿಲಿಗೆ ತಾನೇ? ಬೇಕಾದಷ್ಟು ಬಾಗಿಲು ಇದ್ದಿತ್ತಲ್ಲ ಬೀದೀಲಿ." ಮಾದೇವಿಯ ಕಡೆ ಮಣಿಕಟ್ಟು ಚಾಚಿದರು. "ನಿಮ್ಮೂರ ಅಮ್ಮನಿಗೆ ಹೇಳ್ಬಿಡು. ಇನ್ಮೇಲೆ ಏನು ಕೇಳೋದಿದ್ರೂ ನುಂಗಂಬಾಕ್ಕಂಗೆ ಬಂದು ನನ್ನ ಕೇಳ್ಲಿ. ಈ ಮಗು ಹತ್ರ ಹೋಗೋದು ಬೇಡ."

ನಮಗೆ ಯಾರಿಗೂ ಸಡಿಲದ ಗಂಟು ಮಾದೇವಿಯ ಬೆರಳಿಗೆ ಸಲೀಸಾಗಿ ಬಿಚ್ಚಿಕೊಂಡಿತು. ಅವಳು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳುತ್ತ, ದಾರವನ್ನು ಮಾಮಿಯ ಎಡಗೈಗೆ ಕಟ್ಟಿದಳು. ಕಟ್ಟಿ ಮುಗಿಸಿದ ಕ್ಷಣ ಕೋಳಿ ಕೂಗಿತು. ಮೊಟ್ಟೆಯಿಟ್ಟ ಕೋಳಿ ಊರಿಗೆಲ್ಲ ಸಾರುವ ಹಾಗೆ ಗಟ್ಟಿಯಾಗಿ, ಬಿಡದೆ. ನಾವೆಲ್ಲ ಬೆಚ್ಚಿದೆವು. ಅದು ರೆಕ್ಕೆ ಕೊಡವಿ, ಪಪಾಯಿ ಮರದ ಬುಡಕ್ಕೆ ಓಡಿ, ಒಣಮಣ್ಣಿನಲ್ಲಿ ಬಿದ್ದು ಹೊರಳಾಡತೊಡಗಿತು.

ಮಗುವಿಗೆ ಜ್ವರ ಮತ್ತೆ ಬರಲಿಲ್ಲ. ಮಾಮಿಯೇ ಅದನ್ನು ಡಾಕ್ಟರರ ಬಳಿ ಕರೆದೊಯ್ದು ಹೊಸ ಔಷಧಿ ಕೊಡಿಸಿದ್ದರು, ಅದರಿಂದಲೂ ಇರಬಹುದು. ಕೋಳಿ ಎಲ್ಲ ಕೋಳಿಗಳಂತಾಯಿತು. ಹಾಕಿದ್ದೆಲ್ಲ ತಿಂದಿತು, ಮೊಟ್ಟೆಯಿಟ್ಟಿತು. ಒಂಟಿಯಾಗಿರಬಾರದೆಂದು ಮಾಮಿ ಧನಂಗೆ ಹೇಳಿ ಇನ್ನಷ್ಟು ತರಿಸಿದರು. ಮೊಟ್ಟೆಗಳನ್ನು ಅವರು ಮುಟ್ಟುತ್ತಿರಲಿಲ್ಲ. ಧನಂ ಬುಟ್ಟಿಯಲ್ಲಿ ತುಂಬಿ ಒಯ್ದು ಪವಿತ್ರಳ ಮನೆಗೆ ತಲುಪಿಸುತ್ತಿದ್ದಳು. ಆ ಕಪ್ಪು ಹೇಟೆ ವಯಸ್ಸಾಗಿ, ಒಂದು ಮಧ್ಯಾಹ್ನ ನೆರಳಿನಲ್ಲಿ ಮಲಗಿದಂತೆ ಸತ್ತಿತು. ಧನಂ ಅದನ್ನು ಹೂಳುವಾಗ ನಾನು ಬೇಕೆಂದೇ ಗರಿ ಮುಟ್ಟಿ ನೋಡಿದೆ. ಬೆಚ್ಚಗೆ ಒಣಗಿತ್ತು.

ಬದಲಾದವರು ಮಾಮಿ.

ಮೊದಲು ಕಂಡದ್ದು ಊಟದಲ್ಲಿ. ಅನ್ನ ಸೇರುವುದಿಲ್ಲ ಎನ್ನತೊಡಗಿದರು. ನನ್ನ ಅಮ್ಮ ಬಂದಾಗಲೆಲ್ಲ, "ಆ ಕಪ್ಪು ಎಳ್ಳಿನ ಪುಡಿ ತಂದಿದ್ದೀರಾ?" ಎಂದು ಮಗುವಿನಂತೆ ಕೇಳುವರು. ಬರಬರುತ್ತ ಸಜ್ಜೆ ರೊಟ್ಟಿ, ಹುಚ್ಚೆಳ್ಳಿನ ಪುಡಿ, ಅಷ್ಟೇ ಅವರ ಊಟವಾಯಿತು. ಒಮ್ಮೆ ಕೋಳಿಗಳಿಗೆಂದು ಮೊರದಲ್ಲಿ ಆರಿಸಿಟ್ಟ ಹಸಿ ಹುಚ್ಚೆಳ್ಳನ್ನು ಬೊಗಸೆಯಲ್ಲಿ ತೆಗೆದು ತಿನ್ನುತ್ತಿದ್ದರು. ನಾನು ಬಂದದ್ದು ತಿಳಿದು ತಿರುಗಿ, ಕೊರಳು ಓರೆ ಮಾಡಿ, ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. ಕೂಡಲೇ ನಕ್ಕು, "ಏನ್ ಮಾಡ್ಲಿ ಹೇಳು, ರುಚಿ ಹಿಡಿದ್ಬಿಟ್ಟಿದೆ" ಎಂದರು. ನಾನೂ ನಕ್ಕೆ. ಮಹಡಿಗೆ ಹೋದವಳು ಬಾಗಿಲ ಚಿಲಕ ಹಾಕಿಕೊಂಡೆ.

ಆಮೇಲೆ ತೇವ. ಚೆನ್ನೈಯ ಬೇಸಿಗೆಯಲ್ಲಿ, ಗೋಡೆಯೂ ಸುಡುವಾಗ, ಅವರ ಕೈ ತಣ್ಣಗೆ ಒದ್ದೆಯಾಗಿರುತ್ತಿತ್ತು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡರೆ ಸಂಜೆಯಾದರೂ ಕೂದಲು ಒಣಗುತ್ತಿರಲಿಲ್ಲ. ಅವರು ಕೂತು ಎದ್ದ ಕುರ್ಚಿಯ ಮೇಲೆ ನೀರಿನ ಗುರುತು ಉಳಿಯುತ್ತಿತ್ತು. ಥೈರಾಯಿಡ್ ಇರಬೇಕೆಂದು ಪರೀಕ್ಷೆ ಮಾಡಿಸಿದೆವು. ಏನೂ ಇರಲಿಲ್ಲ.

ಒಮ್ಮೆ ನಾನು ತಡೆಯಲಾರದೆ, "ಮಾಮಿ, ಆ ದಾರ ತೆಗೆದುಬಿಡಿ" ಎಂದೆ.

ಅವರು ಕೋಳಿಗಳಿಗೆ ರಾಗಿ ಎರಚುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಆ ಮಗು ಎಷ್ಟನೇ ಕ್ಲಾಸು ಈಗ?"

"ಏಳನೇದು."

"ಇನ್ನೂ ಸಣ್ಣದು. ಬೆಳೀಲಿ, ನೋಡೋಣ."

"ನಿಮಗೆ ಭಯ ಆಗಲ್ವಾ?"

"ಆಗತ್ತೆ" ಎಂದರು. "ಸಾಯಂಕಾಲ ಹಿತ್ತಿಲ ಬಾಗಿಲು ಮುಚ್ಚಕ್ಕೆ ಹೋಗ್ತೀನಲ್ಲ, ಕಾಲು ಹೊಸಿಲು ಬಿಟ್ಟು ಬರೋದೇ ಇಲ್ಲ. ಆಚೆ ಯಾರೋ ನನ್ನ ಕರ್ಕೊಂಡು ಹೋಗಕ್ಕೆ ಬಂದು ನಿಂತಿದ್ದಾರೆ ಅನ್ಸತ್ತೆ. ನಿಂತ್ಕೋತೀನಿ. ಆಮೇಲೆ ಮಗು ನೆನಪು ಬರತ್ತೆ, ಬಾಗಿಲು ಹಾಕ್ತೀನಿ."

ಅದಾದ ಮೇಲೆ ಬಾಗಿಲು ಮುಚ್ಚುವ ಹೊತ್ತಿಗೆ ನಾನು ಏನಾದರೊಂದು ನೆಪ ಮಾಡಿಕೊಂಡು ಕೆಳಗೆ ಇಳಿಯುತ್ತಿದ್ದೆ. ನಾನು ಬಂದದ್ದು ಯಾಕೆಂದು ಅವರಿಗೆ ತಿಳಿದಿತ್ತು.

ಪವಿತ್ರ ಬೆಳೆದಳು. ರಜೆಯ ದಿನಗಳಲ್ಲಿ ಬಸ್ಸು ಹತ್ತಿ ಬಂದು ಮಾಮಿಯ ಜೊತೆ ಕಾಳು ಆರಿಸುತ್ತ ಕೂರುವಳು. ಮಾಮಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವಳು. ಹತ್ತನೇ ತರಗತಿ ಪಾಸಾದ ದಿನ ಓಡಿ ಬಂದು ಹೇಳಿದ್ದು ಮೊದಲು ಅವರಿಗೆ. ಆಮೇಲೆ ಸ್ವಲ್ಪ ದಿನಕ್ಕೇ, ಕಳೆದ ಆಷಾಢ ಹುಟ್ಟುವ ಮುಂಚೆ, ಮಾಮಿ ಹಿತ್ತಲಲ್ಲಿ ಕುಸಿದು ಬಿದ್ದರು.

ಆಸ್ಪತ್ರೆಯಲ್ಲಿ ನಾನು, ಪವಿತ್ರ ಇಬ್ಬರೂ ಮಂಚದ ಬಳಿ ಇದ್ದೆವು. ಹುಡುಗಿ ತಂದಿದ್ದ ರೊಟ್ಟಿಯ ಡಬ್ಬಿ ಮುಚ್ಚಿದಂತೆಯೇ ಇತ್ತು. ಮಾಮಿ ಕಣ್ಣು ಬಿಟ್ಟಿರಲಿಲ್ಲ. ಬೆಳಗಿನ ಹೊತ್ತು ನರ್ಸ್ ಬಂದು ಡ್ರಿಪ್ಸ್ ಹಾಕಲು ಎಡಗೈ ಎತ್ತಿದಳು. ದಾರವನ್ನು ಮುಟ್ಟಿ ಹುಬ್ಬು ಗಂಟಿಕ್ಕಿದಳು. "ಇದೇನು ಇಷ್ಟು ಒದ್ದೆ? ಯಾರು ಕಟ್ಟಿದ್ದು ಅಜ್ಜೀ, ಯಾಕೆ ಕಟ್ಟಿದ್ದು?" ಎಂದು ತಮಿಳಿನಲ್ಲಿ ಕೇಳಿದಳು.

ಮಾಮಿ ಕಣ್ಣು ಬಿಟ್ಟರು.

"ನನ್ ಮಗೀಗೆ ಜರ ಬಂದಿತ್ತು ಕಣವ್ವಾ" ಎಂದರು. "ಉಳಿಯಾಕಿಲ್ಲ ಅಂದ್ರು. ಅದ್ಕೇ ಹೊತ್ಕಂಡಿದ್ದೆ."

ಅದು ಅವರ ಮಾತಾಗಿರಲಿಲ್ಲ. ಮದರಾಸಿನ ಮಾಧ್ವರ ಮನೆಯಲ್ಲಿ ಹುಟ್ಟಿ ಬೆಳೆದವರ ಬಾಯಲ್ಲಿ ಅಂಥ ಕನ್ನಡ ನಾನು ಒಮ್ಮೆಯೂ ಕೇಳಿರಲಿಲ್ಲ. ದನಿಯೂ ಬೇರೆ. ಪವಿತ್ರ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದುಕೊಂಡಳು.

ನರ್ಸ್‌ಗೆ ಅರ್ಥವಾಗಲಿಲ್ಲ. ನಾನು ತಮಿಳಿನಲ್ಲಿ ಹೇಳಿದೆ, "ಮಗಳಿಗೆ ಹುಷಾರಿರಲಿಲ್ಲವಂತೆ, ಅದಕ್ಕೆ ಹರಕೆ."

"ಈಗ ಹುಷಾರಾದಳಾ? ಮಗಳು ಎಲ್ಲಿ?"

ಪವಿತ್ರ ನನ್ನ ತೋಳು ಬಿಟ್ಟು ಮುಂದೆ ಬಂದಳು. "ನಾನ್‌ದಾನ್, ಸಿಸ್ಟರ್" ಎಂದಳು. ಆಮೇಲೆ ಮಂಚದ ಮೇಲೆ ಬಾಗಿ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಮಾಮಿಗೆ ಕನ್ನಡದಲ್ಲಿ ಹೇಳಿದಳು: "ನಾನು ಚೆನ್ನಾಗಿದ್ದೀನಿ ಅವ್ವಾ. ಬುಟ್ಬುಡು."

ಮಾಮಿ ಅವಳ ಮುಖವನ್ನೇ ನೋಡಿದರು. ಹಣೆ, ಕಣ್ಣು, ಕೆನ್ನೆ, ಒಂದೊಂದನ್ನೂ ಪರೀಕ್ಷಿಸುವಂತೆ. ಕೊನೆಗೆ ನರ್ಸಿನ ಕಡೆಗೆ ಕೈ ಸ್ವಲ್ಪ ಸರಿಸಿದರು. ಅವಳು ಕತ್ತರಿಯಿಂದ ದಾರ ಕತ್ತರಿಸಿ, ಹತ್ತಿಯೊಂದಿಗೆ ಕಸದ ಬುಟ್ಟಿಗೆ ಹಾಕಿ, ತನ್ನ ಕೆಲಸ ಮುಗಿಸಿ ಹೋದಳು.

ನಾನು ಅವರ ಕೈ ಹಿಡಿದುಕೊಂಡು ಕುಳಿತೆ. ಮೊದಲು ತಣ್ಣಗಿತ್ತು. ಸೂರ್ಯ ಕಿಟಕಿಗೆ ಬರುವ ಹೊತ್ತಿಗೆ ಬೆಚ್ಚಗಾಯಿತು, ಒಣಗಿತು. ಅವರು ನಿದ್ದೆಯಿಂದೆದ್ದವರಂತೆ ನಮ್ಮಿಬ್ಬರನ್ನೂ ನೋಡಿ, ತಮ್ಮ ಎಂದಿನ ದನಿಯಲ್ಲಿ, "ಯಾಕೆ ಇಬ್ರೂ ಹೀಗೆ ಮುಖ ಮಾಡ್ಕೊಂಡು ಕೂತಿದ್ದೀರ? ನನಗೆ ಹಸಿವಾಗ್ತಿದೆ ಮ್ಮಾ. ಕೊಂಜ ಮೊಸರನ್ನ ಸಿಗತ್ತಾ ಕೇಳಿ" ಎಂದರು.

ಪವಿತ್ರ ಕ್ಯಾಂಟೀನಿಗೆ ಓಡಿದಳು.